ತೋಳಿನ ಅಳತೆ

ಬಸ್ಸು ಓಡಿಸುವವಳನ್ನು ಮನೆಯಲ್ಲಿ ಕೂರಿಸಿದರೆ ಮನೆಯೇ ಬಸ್ಸಾಗುತ್ತದೆ. ಡ್ರೈವರಮ್ಮ ಬೆಳಿಗ್ಗೆ ಎದ್ದವಳೇ ಅಡುಗೆಮನೆ ಬಾಗಿಲಿಗೆ ಸ್ಟೂಲು ಎಳೆದುಕೊಂಡು ಕೂತುಬಿಡುತ್ತಿದ್ದಳು. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ಅವಳನ್ನು ದಾಟಿಕೊಂಡೇ ಓಡಾಡಬೇಕು.

"ದಾರೀಲಿ ನಿಂತ್ಕೋಬೇಡಿ, ಒಳಗೆ ಜಾಗ ಇದೆ," ಎಂದು ಗಂಡನಿಗೆ. "ಬೇಗ ಇಳಿ, ಸ್ಕೂಲಿಗೆ ಹೊತ್ತಾಯ್ತು," ಎಂದು ಮಗಳಿಗೆ.

"ಟಿಕೆಟ್ಟೂ ನಿನ್ನ ಹತ್ರಾನೇ ತಗೋಬೇಕೇನೇ?" ಎಂದು ಅತ್ತೆ ಕೇಳುತ್ತಿದ್ದಳು.

ಆಪರೇಷನ್ನಿನಲ್ಲಿ ಎಡ ಮೊಲೆ ಹೋಗಿತ್ತು, ಕಂಕುಳಿನ ಗಂಟುಗಳೂ ಹೋಗಿದ್ದವು. ಆಮೇಲೆ ತಿಂಗಳುಗಟ್ಟಲೆ ನರಕ್ಕೆ ಮದ್ದು ಹರಿಸಿದರು, ಎದೆಗೆ ರೇಡಿಯೇಷನ್ ಕೊಟ್ಟರು. ಕೂದಲು ಉದುರತೊಡಗಿದಾಗ ಸಲೂನು ಇಟ್ಟಿದ್ದ ಗಂಡನೇ ಬಾಗಿಲು ಹಾಕಿ, ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ, ತಲೆ ನುಣ್ಣಗೆ ಮಾಡಿದ್ದ. ಈಗ ಕೂದಲು ಬ್ರಷ್ಷಿನ ಹಾಗೆ ನಿಂತಿತ್ತು. ರೋಗ ಹೋಗಿದೆ, ಆಗಾಗ ಬಂದು ತೋರಿಸಿಕೊಂಡರೆ ಸಾಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಹೋಗಿದ್ದೇನೋ ಸರಿ. ಹೋಗೋವಾಗ ನನ್ನಲ್ಲಿ ಅರ್ಧ ಎತ್ಕೊಂಡು ಹೋಯ್ತಲ್ಲ," ಎನ್ನುತ್ತಿದ್ದಳು ಡ್ರೈವರಮ್ಮ. ಮೂರನೇ ಮಹಡಿಯ ಮನೆ. ತರಕಾರಿ ಚೀಲ ಹಿಡಿದು ಒಂದೇ ಉಸಿರಿಗೆ ಹತ್ತುತ್ತಿದ್ದವಳು ಈಗ ಬರಿಗೈಯಲ್ಲಿ ಬಂದರೂ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಅಂಗಾಲು ಜೋಮು ಹಿಡಿದು, ಹತ್ತಿಯ ಮೇಲೆ ನಿಂತ ಹಾಗಿರುತ್ತಿತ್ತು. ಎಡಗೈ ಹೆಗಲಿಂದ ಮೇಲೆ ಏಳುತ್ತಿರಲಿಲ್ಲ, ಮೇಲಿನ ಹಲಗೆಯಿಂದ ತಟ್ಟೆ ತೆಗೆಯಲಿಕ್ಕೂ ಇನ್ನೊಬ್ಬರನ್ನು ಕೂಗಬೇಕು.

ಡಿಪೋದವರು ಕೆಲಸದಿಂದ ತೆಗೆದಿರಲಿಲ್ಲ. ಆದರೆ ದೊಡ್ಡ ಕಾಯಿಲೆಯಿಂದ ಎದ್ದು ಬಂದ ಡ್ರೈವರುಗಳಿಗೆ ಅಲ್ಲೊಂದು ಪರೀಕ್ಷೆಯಿತ್ತು. ಅಂಗಳದಲ್ಲಿ ನಿಂತಿರುವ ಹಳೇ ಬಸ್ಸನ್ನು ಕಂಬಗಳ ನಡುವೆ ಹಿಂದೆ ಮುಂದೆ ತಿರುಗಿಸಿ ನಿಲ್ಲಿಸಬೇಕು. ಆ ಬಸ್ಸಿನ ಸ್ಟೀರಿಂಗು ಕಲ್ಲು. ದಾರಿಯಲ್ಲಿ ಏನಾದರೂ ಕೆಟ್ಟರೆ ರಟ್ಟೆಯ ಬಲದಲ್ಲೇ ಬಸ್ಸನ್ನು ಪಕ್ಕಕ್ಕೆ ತರಬೇಕಲ್ಲ, ಅದಕ್ಕೆ. ಎರಡು ಸಲ ಅವಕಾಶ. ಎರಡನೇ ಸಲವೂ ಆಗದಿದ್ದರೆ, ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನುಗಳ ಕೌಂಟರೇ ನಿವೃತ್ತಿಯ ತನಕ ಗತಿ. ಈಗ ತಾತ್ಕಾಲಿಕವಾಗಿ ಅವಳನ್ನು ಅಲ್ಲೇ ಕೂರಿಸಿದ್ದರು. ಮಧ್ಯಾಹ್ನದಿಂದ ಸಂಜೆಯವರೆಗೆ ಕೊಡೆಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು.

"ಹಲ್ಲು ಬಿಟ್ಟುಹೋದವನು ವಾಪಸ್ ಬರ್ಲೇ ಇಲ್ಲ ಕಣ್ರೀ," ಎಂದಳು ಒಂದು ದಿನ ಊಟಕ್ಕೆ ಕೂತಾಗ. "ನನ್ನನ್ನೂ ಅದರ ಪಕ್ಕ ಇಟ್ಟಿದ್ದಾರೆ."

"ಕೂತು ಮಾಡೋ ಕೆಲಸ. ಒಳ್ಳೇದೇ ಅಲ್ವಾ?" ಎಂದ ಗಂಡ.

"ಹಾಗಾದ್ರೆ ನೀವು ಸಲೂನಲ್ಲಿ ಕೂತ್ಕೊಂಡೇ ಕೂದಲು ಕತ್ತರಿಸಿ, ನೋಡೋಣ."

ಸಲೂನಿನಲ್ಲಿ ಊರ ಸುದ್ದಿಯನ್ನೆಲ್ಲ ಮಾತಾಡುವ ಆ ಮನುಷ್ಯ ಮನೆಗೆ ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಅನ್ನ ಕಲಸುತ್ತ ತಲೆ ಬಗ್ಗಿಸಿದ.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ಒಂದು ದಾರಿ ಹೇಳಿದ್ದಳು. ಸಣ್ಣದೊಂದು ಬಟ್ಟೆ ಚೀಲಕ್ಕೆ ಮರಳು ತುಂಬಿ ದಿನಾ ಎತ್ತಿ ಇಳಿಸಬೇಕು, ವಾರವಾರವೂ ಒಂದೊಂದು ಹಿಡಿ ಮರಳು ಹೆಚ್ಚಿಸಬೇಕು, ಮೆಟ್ಟಿಲು ಹತ್ತಿಳಿಯಬೇಕು. ಚೀಲ ಹೊಲಿಯುವ ಕೆಲಸವನ್ನು ಅತ್ತೆ ತಾನಾಗಿಯೇ ವಹಿಸಿಕೊಂಡಳು. ಅವಳು ನಲವತ್ತು ವರ್ಷ ಟೈಲರು. ಈಗಲೂ ಕಿಟಕಿಯ ಪಕ್ಕ ಮೆಷಿನ್ನು, ಕತ್ತಿನಲ್ಲಿ ಟೇಪು. ಮೊಮ್ಮಗಳ ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಎರಡೂ ಕಡೆ ಹೊಲಿದು, ಗಟ್ಟಿಮುಟ್ಟಾದ ಚೀಲ ಮಾಡಿದಳು. ವಾರಕ್ಕೊಮ್ಮೆ ಹೊಲಿಗೆ ಬಿಚ್ಚಿ ತುಂಬಿ ಮತ್ತೆ ಹೊಲಿಯುವುದೂ ಅವಳೇ. ಎತ್ತುವುದು ಮುಗಿದ ಮೇಲೆ ಚೀಲ ಅವಳ ಪೆಟ್ಟಿಗೆಯೊಳಗೆ ಹೋಗಿ ಬೀಗ ಬೀಳುತ್ತಿತ್ತು.

"ಅದಕ್ಯಾಕಜ್ಜಿ ಬೀಗ? ಮರಳಿಗೂ ಕಳ್ಳರು ಬರ್ತಾರಾ?" ಎಂದಳು ಮೊಮ್ಮಗಳು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ಮನೆಯಲ್ಲಿ ಲಾಯರಮ್ಮ ಎಂದೇ ಕರೆಯುತ್ತಿದ್ದರು.

"ನೀನು ಎತ್ತೋಕೆ ಹೋಗಿ ಕಾಲ ಮೇಲೆ ಹಾಕ್ಕೊಂಡ್ರೆ? ಓದ್ಕೋ ಹೋಗು."

ವಾರಗಳು ಕಳೆದಂತೆ ಚೀಲ ಮುಷ್ಟಿಯಷ್ಟಿದ್ದದ್ದು ಮೂಸಂಬಿಯಾಯಿತು, ತೆಂಗಿನಕಾಯಾಯಿತು, ಕುಂಬಳಕಾಯಿಯಾಯಿತು. ಡ್ರೈವರಮ್ಮ ಬೆವರೊರೆಸಿಕೊಂಡು ಎಡಗೈಯಲ್ಲಿ ಎತ್ತಿ ತೋರಿಸುತ್ತಿದ್ದಳು. "ನೋಡ್ರೀ, ಇಷ್ಟು ದಪ್ಪದ್ದು! ಮುಂಚೆಗಿಂತ ಸಲೀಸಾಗಿ ಏಳ್ತಿದೆ." ಎತ್ತುವಾಗೆಲ್ಲ ಅತ್ತೆ ಮೆಷಿನ್ನಿನ ಮೇಲೆ ಬಗ್ಗಿ ಇಲ್ಲದ ದಾರ ಪೋಣಿಸುತ್ತಿದ್ದಳು. ಸೊಸೆಯ ಯೂನಿಫಾರಂ ಅಂಗಿ ಸೊಂಟದಲ್ಲಿ ಸಡಿಲವಾಗಿತ್ತು, ಕಿರಿದು ಮಾಡಿಕೊಡಿ ಎಂದು ಕೊಟ್ಟು ಎಷ್ಟೋ ದಿನವಾಗಿತ್ತು. ಕೇಳಿದಾಗೆಲ್ಲ, ಆ ಬಣ್ಣದ ದಾರ ಸಿಗುತ್ತಿಲ್ಲ ಎಂಬ ಉತ್ತರ.

ಒಂದು ಭಾನುವಾರ ಡ್ರೈವರಮ್ಮ ಸ್ನಾನಕ್ಕೆ ಹೋಗಿದ್ದಾಗ ಗಂಡ ನೆಲದ ಮೇಲಿದ್ದ ಚೀಲವನ್ನು ಬದಿಗಿಡಲು ಬಗ್ಗಿದ. ಭಾರ ಇರುತ್ತದೆಂದು ಸೊಂಟ ಬಿಗಿಹಿಡಿದು ಎತ್ತಿದವನಿಗೆ ಆಯ ತಪ್ಪಿ ಹಿಂದಕ್ಕೆ ವಾಲುವ ಹಾಗಾಯಿತು. ಕುಂಬಳಕಾಯಿ ಗಾತ್ರದ ಚೀಲ ದಿಂಬಿನಷ್ಟು ಹಗುರ.

"ಅಮ್ಮಾ, ಏನಿದು?"

"ಮೆತ್ತಗೆ ಮಾತಾಡು," ಎಂದಳು ತಾಯಿ. ಕೆಳಗೆ ಬಡಗಿಯ ಅಂಗಡಿಯಿತ್ತು. ವಾರವಾರವೂ ಅವಳು ಅಲ್ಲಿಂದ ಮರದ ಹೊಟ್ಟು ತಂದು ತುಂಬುತ್ತಿದ್ದಳು. ಮರಳು ಮೊದಲ ವಾರ ಹಾಕಿದ್ದಷ್ಟೇ. "ನಿನ್ನ ದೊಡ್ಡಮ್ಮನ ಕೈ ಮರೆತುಬಿಟ್ಯಾ? ಇದೇ ರೋಗ, ಇದೇ ಆಪರೇಷನ್ನು. ಕೊಡ ಕೂಡ ಎತ್ತಬೇಡ ಅಂದಿದ್ರು ಡಾಕ್ಟ್ರು. ಎತ್ತಿದಳು. ಕೈ ಬಾತು ತೊಡೆಯಷ್ಟಾಯ್ತು. ಅವಳ ರವಿಕೆಗೆ ಒಂದು ತೋಳು ಬೇರೆ, ಇನ್ನೊಂದು ತೋಳು ಬೇರೆ ಇಟ್ಟು ಹೊಲಿದೋಳು ನಾನು. ಸಾಯೋವರೆಗೂ ಹೊಲಿದೆ."

"ಅವಳಿಗೆ ಹೇಳಬಾರ್ದಾ?"

"ಹೇಳಿದ್ರೆ ಕೇಳ್ತಾಳಾ ನಿನ್ನ ಹೆಂಡ್ತಿ? ಎತ್ತಿದೆ ಅನ್ನೋ ಸಮಾಧಾನ ಅವಳಿಗೆ, ಎತ್ತಿಲ್ಲ ಅನ್ನೋ ಸಮಾಧಾನ ನನಗೆ. ನೀನು ನಿನ್ನ ಕತ್ತರಿ ನೋಡ್ಕೋ."

ಸ್ನಾನದ ಮನೆಯ ಚಿಲಕ ಸದ್ದಾಯಿತು. ಅವನು ಚೀಲವನ್ನು ಇದ್ದಲ್ಲೇ ಇಟ್ಟು ಪೇಪರು ಓದತೊಡಗಿದ. ಹೇಳಬಹುದಿತ್ತು. ಆದರೆ ಹೆಂಡತಿ ಮನೆಯಲ್ಲಿ ಕಣ್ಣೆದುರಿಗೇ ಇದ್ದರೆ ಅವನಿಗೂ ಧೈರ್ಯ. ಅಂಥ ಗಂಡಸಿಗೆ ಪೇಪರು ಬಹಳ ಉಪಕಾರಿ.

ಯೂನಿಫಾರಂ ಇನ್ನೂ ಅತ್ತೆಯ ಬಳಿಯೇ ಇದ್ದದ್ದರಿಂದ ಮೊದಲ ಪರೀಕ್ಷೆಗೆ ಡ್ರೈವರಮ್ಮ ಮಗಳ ಅಂಗಿಯೊಂದನ್ನು ಹಾಕಿಕೊಂಡು, ಎದೆಯೆತ್ತಿ ಹೋದಳು. ಅಂಗಳದಲ್ಲಿ ಜೊತೆಯ ಡ್ರೈವರುಗಳೆಲ್ಲ ಸೇರಿದ್ದರು. "ಬಾರಕ್ಕ, ನಿನ್ನ ಸೀಟು ಕಾಯ್ತಿದೆ," ಎಂದ ಒಬ್ಬ. ಸೀಟಿಗೆ ಹತ್ತುವಷ್ಟರಲ್ಲೇ ಉಸಿರು ಮೇಲೆ ಕೆಳಗೆ ಆಯಿತು. ಬಸ್ಸು ಹೊರಟಿತು. ಮೊದಲ ತಿರುವು ಬಲಗೈಯ ಭರವಸೆಯಲ್ಲಿ ದಾಟಿತು. ಎರಡನೆಯದಕ್ಕೆ ಎಡಗೈ ಎಳೆಯಬೇಕು. ಎಳೆದಳು. ಕೈ ನಡುಗಿತು, ಹೆಗಲು ಸೆಳೆಯಿತು, ಸ್ಟೀರಿಂಗು ಅರ್ಧಕ್ಕೇ ನಿಂತಿತು. ಬ್ರೇಕು ಸಿಕ್ಕಿತೋ ಇಲ್ಲವೋ ಎಂದು ಜೋಮು ಹಿಡಿದ ಕಾಲಿಗೆ ತಿಳಿಯುವಷ್ಟರಲ್ಲಿ ಬಸ್ಸು ಕಂಬದ ಪಕ್ಕದ ಡ್ರಮ್ಮನ್ನು ಉರುಳಿಸಿ ಓರೆಯಾಗಿ ನಿಂತಿತು. ಡ್ರಮ್ಮು ಅಂಗಳದ ಉದ್ದಕ್ಕೂ ಸದ್ದು ಮಾಡುತ್ತ ಉರುಳಿತು. ಜೊತೆಯವರೆಲ್ಲ ಬೇರೆ ಕಡೆ ನೋಡಿದರು. ಪರೀಕ್ಷೆ ಮಾಡುವವನು ಕೆಟ್ಟವನಲ್ಲ. "ಇನ್ನೊಂದು ಅವಕಾಶ ಇದೆ. ಎರಡು ತಿಂಗಳು ಬಿಟ್ಟು ಬನ್ನಿ," ಎಂದು ಮೆತ್ತಗೆ ಹೇಳಿದ.

ಮನೆಗೆ ಬಂದವಳು ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತಳು. ಊಟ ಬಡಿಸಿತ್ತು.

"ಕುಂಬಳಕಾಯಿಯಷ್ಟು ಮರಳು ಎತ್ತಿದ ಕೈಗೆ ಒಂದು ಸ್ಟೀರಿಂಗ್ ತಿರುಗಿಸೋಕೆ ಆಗಲ್ಲ ಅಂದ್ರೆ ಏನರ್ಥ? ಅತ್ತೆ, ಆ ಚೀಲ ತೆಗೀರಿ."

"ಊಟ ಮಾಡು ಮೊದಲು. ಅನ್ನ ಆರಿಹೋಗುತ್ತೆ."

"ತೆಗೀರಿ ಅಂದೆ."

"ನನಗೇನೂ ಗೊತ್ತಿಲ್ಲ," ಎಂದುಬಿಟ್ಟ ಗಂಡ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇದು ಆ ಗಾದೆಗೇ ಹೇಳಿ ಮಾಡಿಸಿದ ಮಾತು.

ಡ್ರೈವರಮ್ಮ ಅವನ ಮುಖ ನೋಡಿದಳು, ಅತ್ತೆಯ ಸೊಂಟದಿಂದ ಬೀಗದ ಕೈ ತಾನೇ ಕಿತ್ತುಕೊಂಡಳು. ಚೀಲವನ್ನು ಮೇಜಿನ ಮೇಲೆ ಇಟ್ಟು ಮಗಳನ್ನು ಕರೆದಳು. ಲಾಯರಮ್ಮ ಅದನ್ನು ಒಂದೇ ಕೈಯಲ್ಲಿ ಎತ್ತಿ, ಕಣ್ಣರಳಿಸಿ, ಮೇಲಕ್ಕೆಸೆದು ಹಿಡಿದಳು. ಆಮೇಲೆ ನಡೆದದ್ದು ಆ ಮನೆಯಲ್ಲಿ ಯಾವತ್ತೂ ನಡೆಯದ್ದು. ಅತ್ತೆಯ ಬಟ್ಟೆ ಕತ್ತರಿಯನ್ನು ಕಾಗದಕ್ಕೆ ತಾಗಿಸಿದರೂ ಮಹಾಯುದ್ಧವಾಗುತ್ತಿತ್ತು. ಡ್ರೈವರಮ್ಮ ಅದೇ ಕತ್ತರಿಯಿಂದ ಚೀಲವನ್ನು ಹೊಟ್ಟೆಯವರೆಗೆ ಸೀಳಿದಳು. ಹೊಟ್ಟು ಹಾರಿ ತಟ್ಟೆ, ಲೋಟ, ಎಲ್ಲರ ತಲೆಯ ಮೇಲೂ ಬಿತ್ತು. ಮರಳು ಕೊನೆಯಲ್ಲಿ ಒಂದೆರಡು ಹಿಡಿಯಷ್ಟು ಸುರಿಯಿತು.

"ನನ್ನ ತಲೆ ಬೋಳಿಸಿದ್ದು ನನ್ನ ಗಂಡ ಒಬ್ಬರೇ ಅಂದ್ಕೊಂಡಿದ್ದೆ," ಎಂದಳು. "ಮನೆಮಂದಿಯೆಲ್ಲ ಸೇರಿ ಬೋಳಿಸಿದ್ರಿ."

"ನಿನ್ನ ಒಳ್ಳೇದಕ್ಕೇ ಕಣೇ..."

"ಒಳ್ಳೇದಾ? ಇವತ್ತು ಅಷ್ಟು ಜನರ ಮುಂದೆ ಡ್ರಮ್ಮು ಉರುಳಿಸಿದ್ನಲ್ಲ, ಅದಾ? ಜನ ನಿಂತಿದ್ದಿದ್ರೆ?"

"ನೀನು ಬಸ್ಸಲ್ಲೇ ಬಿದ್ದುಹೋದ್ರೆ ಏನ್ಮಾಡೋದು ಅಂತ ಭಯ," ಎಂದ ಗಂಡ.

"ಮನೇಲಿ ಕೂತು ಬಿದ್ದುಹೋದ್ರೆ ಪರವಾಗಿಲ್ವಾ?" ಎಂದವಳೇ ಅತ್ತಳು. ನಿಂತಲ್ಲೇ, ಜೋರಾಗಿ, ನಾಚಿಕೆಯಿಲ್ಲದೆ ಅತ್ತಳು. ಆಸ್ಪತ್ರೆಯಲ್ಲಿ ಒಂದು ದಿನವೂ ಹಾಗೆ ಅತ್ತಿರಲಿಲ್ಲ. ಆ ದಿನ ಊಟ ಮಾಡಿದವರು ಯಾರೂ ಇಲ್ಲ.

ಒಂದು ವಾರ ಅತ್ತೆ ಸೊಸೆಗೆ ಮಾತಿಲ್ಲ. "ಅಜ್ಜಿಗೆ ಹೇಳು, ಉಪ್ಪು ಇಲ್ಲಿ ಕೊಡಲಿ," "ಅಮ್ಮನಿಗೆ ಹೇಳು, ಉಪ್ಪು ಅಲ್ಲೇ ಇದೆ," ಎಂದು ಎಲ್ಲವೂ ಲಾಯರಮ್ಮನ ಮೂಲಕ. ಗಂಡ ಸಲೂನಿನಿಂದ ಬರುವುದೇ ತಡ ಮಾಡಿದ. ಕೊನೆಗೆ ಡ್ರೈವರಮ್ಮ, "ಅಜ್ಜಿಗೆ ಹೇಳು, ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರಬೇಕು," ಎಂದಳು.

ವ್ಯಾಯಾಮದ ಮೇಡಂ ದೊಡ್ಡಮ್ಮನ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು. "ಆಗ ಎಲ್ಲರೂ ಹಾಗೇ ಹೇಳ್ತಿದ್ರಜ್ಜಿ, ನಿಮ್ಮ ತಪ್ಪಲ್ಲ. ಈಗ ಗೊತ್ತಾಗಿರೋದು ಬೇರೆ. ಸ್ವಲ್ಪಸ್ವಲ್ಪವಾಗಿ, ನೋಡ್ಕೊಂಡು ಎತ್ತಿದ್ರೆ ಕೈಗೆ ಒಳ್ಳೇದೇ. ಬಾವು ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಬಂದ್ರೆ ಕಣ್ಣಿಗಿಂತ ಮುಂಚೆ ಅಳತೆಗೆ ಸಿಗುತ್ತೆ. ವಾರಕ್ಕೊಂದ್ಸಲ ಅಳೀಬೇಕು. ಮನೇಲಿ ಟೇಪು ಇದೆಯಾ?"

ಅತ್ತೆ ಶಾಲು ಸರಿಸಿದಳು. ಕತ್ತಿನಲ್ಲಿ ಟೇಪು ನೇತಾಡುತ್ತಿತ್ತು.

ಮೇಡಂ ತನ್ನ ಟೇಪು ತೆಗೆದು ಡ್ರೈವರಮ್ಮನ ಎರಡೂ ತೋಳು ಅಳೆದಳು. "ಈಗ ಎರಡೂ ಸಮ ಇವೆ, ಎರಡೂ ಸಣಕಲು," ಎಂದು ನಕ್ಕಳು. "ನೋಡಿ ಅಜ್ಜಿ, ಮನೇಲಿ ಅಳೆಯುವಾಗ ನೀವು..."

"ನೀನು ಟೇಪು ಸಡಿಲ ಹಿಡೀತೀಯಮ್ಮ," ಎಂದಳು ಅತ್ತೆ. "ಅಳೆಯೋದನ್ನ ನನಗೆ ಹೇಳಿಕೊಡ್ಬೇಡ. ನೀನು ಹುಟ್ಟೋಕೆ ಮುಂಚಿಂದ ಅಳೀತಿದ್ದೀನಿ."

ಮೇಡಂ ನುಂಗಿಕೊಂಡ ಆ ಮಾತು ಮುಂದೆ ಮನೆಯವರಿಗೆಲ್ಲ ಒಂದು ರಾತ್ರಿಯ ನಿದ್ದೆ ಕೆಡಿಸಿತು.

ಆವತ್ತಿನಿಂದ ಹೊಸ ಕಾನೂನು. ಮರಳನ್ನು ಎಲ್ಲರೆದುರಿಗೆ ಪೇಪರಿನ ಮೇಲೆ ಹರಡಬೇಕು, ಲಾಯರಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು, ಆಮೇಲೆ ಅತ್ತೆ ಹೊಲಿಯಬೇಕು. ಹೊಲಿದ ಚೀಲವನ್ನು ಗಂಡ ಎತ್ತಿ, "ಭಾರ ಇದೆ," ಎಂದು ಬಾಯಿಬಿಟ್ಟು ಸಾಕ್ಷಿ ಹೇಳಬೇಕು. ನಿಜವಾದ ಮರಳು ಎತ್ತಿದ ಮೊದಲ ದಿನ ಡ್ರೈವರಮ್ಮನ ಮುಖ ಸಪ್ಪಗಾಯಿತು. ಮೂಸಂಬಿಯಷ್ಟು ಚೀಲಕ್ಕೇ ಬೆವರಿಳಿಯಿತು. ಎರಡೂ ಕೈಗೆ ಒಂದೊಂದು ಚೀಲ ಮಾಡಿಸಿಕೊಂಡಳು. ಜೋಮು ಹಿಡಿದ ಅಂಗಾಲಿಗೆ ನೆಲ ತಿಳಿಯಲೆಂದು ಬೆಳಿಗ್ಗೆ ಗಂಡನ ಜೊತೆ ಬರಿಗಾಲಲ್ಲಿ ಮೆಟ್ಟಿಲಿಳಿದು ಹತ್ತುತ್ತಿದ್ದಳು. ತಿರುವಿನಲ್ಲಿ ಅವನೂ ಏದುಸಿರು ಬಿಡುತ್ತಿದ್ದ.

"ನಿಮಗ್ಯಾವ ಕಾಯಿಲೆ?" ಎಂದಳು ಒಂದು ದಿನ.

"ನನಗೆ ಹೊಟ್ಟೆ," ಎಂದ ಅವನು, ಮುಂದೆ ಬಂದ ಹೊಟ್ಟೆ ತಟ್ಟಿಕೊಂಡು. ಅವಳು ನಗಲಿಲ್ಲ, ಆದರೆ ಮುಂದಿನ ಮೆಟ್ಟಿಲಿಗೆ ಅವನ ಹೆಗಲ ಮೇಲೆ ಕೈಯಿಟ್ಟಳು.

ಭಾನುವಾರ ಭಾನುವಾರ ಅತ್ತೆ ಅಳೆಯುತ್ತಿದ್ದಳು. ಸೊಸೆ ಎಡಗೈ ಚಾಚುವಳು, ಟೇಪು ಸುತ್ತುವುದು, "ಅಷ್ಟೇ ಇದೆ," ಎಂಬ ಮಾತು, ಟೇಪು ಮತ್ತೆ ಕತ್ತಿಗೆ. ಚೀಲ ಬೆಳೆಯಿತು. ಮೇಲಿನ ಹಲಗೆಯ ತಟ್ಟೆ ಒಂದು ದಿನ ಯಾರನ್ನೂ ಕೂಗದೆಯೇ ಕೆಳಗೆ ಬಂತು, ಕೆಳಗಿಟ್ಟವಳು ಡ್ರೈವರಮ್ಮನೇ. ಅದನ್ನು ಎಲ್ಲರೂ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಜಗಳ ಬಿದ್ದ ಮನೆಯಲ್ಲಿ ಖುಷಿಪಡಲೂ ಮುಹೂರ್ತ ನೋಡಬೇಕು.

ಎರಡನೇ ಪರೀಕ್ಷೆಗೆ ಒಂದು ವಾರವಿತ್ತು. ಆ ಭಾನುವಾರ ಅತ್ತೆ ಟೇಪು ಸುತ್ತಿದವಳು ಬಿಚ್ಚಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಸುತ್ತಿದಳು.

"ಕಾಲು ಇಂಚು ಜಾಸ್ತಿ ಇದೆ."

ಡ್ರೈವರಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಗೊತ್ತಿತ್ತು. ಪರೀಕ್ಷೆ ಹತ್ರ ಬಂದ ಹಾಗೆ ಏನಾದ್ರೂ ಒಂದು ತೆಗೀತೀರಿ ಅಂತ ಗೊತ್ತಿತ್ತು. ಮೊದಲು ಹೊಟ್ಟು, ಈಗ ಟೇಪು."

"ಮರಳಲ್ಲಿ ಮೋಸ ಮಾಡಿದೆ ಕಣೇ, ಒಪ್ಕೋತೀನಿ. ಟೇಪಲ್ಲಿ ಯಾರಿಗೂ ಮಾಡಿಲ್ಲ. ನನ್ನಾಣೆ."

"ನಿಮ್ಮ ಆಣೇನ ಯಾವ ತಕ್ಕಡೀಲಿ ತೂಗ್ಲಿ?"

ಲಾಯರಮ್ಮ ಟೇಪು ಕಿತ್ತುಕೊಂಡು ಅಳೆದಳು. ಅಷ್ಟೇ ಬಂತು. ಗಂಡ ಅಳೆದ. ಅವನಿಗೂ ಅಷ್ಟೇ ಬಂತು, ಟೇಪು ಕೈಯಲ್ಲೇ ಉಳಿಯಿತು. ಡ್ರೈವರಮ್ಮ ತನ್ನ ತೋಳನ್ನು ತಾನೇ ಬೇರೆಯವರದೆಂಬಂತೆ ನೋಡಿಕೊಂಡಳು.

"ಹಾಗಾದ್ರೆ ಮುಗೀತು," ಎಂದಳು. "ಕೊಡೆ ಕೊಟ್ಕೊಂಡು ಇರ್ತೀನಿ. ನಿಮಗೆ ಸಮಾಧಾನ ಆಯ್ತಲ್ಲ, ಅತ್ತೆ?"

ಅತ್ತೆಗೆ ಸಮಾಧಾನವಾಗಿರಲಿಲ್ಲ. ಇಷ್ಟು ದಿನ ಏನಾಗುತ್ತದೆಂದು ಹೆದರಿದ್ದಳೋ ಅದೇ ಆಗಿತ್ತು, ಆದರೆ ನಾನು ಹೇಳಿರಲಿಲ್ಲವೇ ಎಂಬ ಮಾತು ಬಾಯಿಗೆ ಬರಲಿಲ್ಲ. ಮೆಷಿನ್ನಿನ ಮುಂದೆ ಹೋಗಿ ಕೂತು ಮುಖ ಮುಚ್ಚಿಕೊಂಡಳು. "ಇನ್ನೊಂದು ಸಲ ಎರಡು ಥರದ ತೋಳು ಹೊಲಿಯೋ ಶಕ್ತಿ ನನಗಿಲ್ಲಪ್ಪ," ಎಂದಳು ಮಗನಿಗೆ. ರಾತ್ರಿಯೆಲ್ಲ ಆ ಮನೆಯಲ್ಲಿ ನೀರು ಕುಡಿಯಲು ಎದ್ದವರೇ ಎದ್ದರು.

ಬೆಳಿಗ್ಗೆ ಚಹಾದ ಹೊತ್ತಿಗೆ ಲಾಯರಮ್ಮ ಕೇಳಿದಳು, "ಅಜ್ಜಿ, ಬಲಗೈ ಎಷ್ಟಿದೆ?"

"ಬಲಗೈಗೇನಾಗಿದೆ? ಆಪರೇಷನ್ ಆಗಿದ್ದು ಎಡಗಡೆ."

"ಈ ಎರಡು ತಿಂಗಳಲ್ಲಿ ಒಂದು ಸಲಾನೂ ಬಲಗೈ ಅಳೆದಿಲ್ವಾ?"

"ಯಾವ ಟೈಲರು ಎರಡು ತೋಳು ಅಳೀತಾನೆ? ಒಂದು ಅಳೀತೀವಿ, ಎರಡು ಕತ್ತರಿಸ್ತೀವಿ. ನಲವತ್ತು ವರ್ಷದಿಂದ..." ಎಂದವಳು ತಟಕ್ಕನೆ ನಿಂತಳು. ಲೋಟ ಕೆಳಗಿಟ್ಟಳು. "ಅಕ್ಕನಿಗೆ ಮಾತ್ರ ಎರಡೂ ಅಳೀತಿದ್ದೆ," ಎಂದು ಮೆಲ್ಲಗೆ ಹೇಳಿದಳು.

"ಅಮ್ಮ, ಬಲಗೈ ಕೊಡು."

ಡ್ರೈವರಮ್ಮ ಕೊಟ್ಟಳು. ಅತ್ತೆ ಟೇಪು ಸುತ್ತಿದಳು, ಬಗ್ಗಿ ನೋಡಿದಳು. ಅಲ್ಲೂ ಕಾಲು ಇಂಚು ಜಾಸ್ತಿಯೇ. ಎಡದ್ದು ಎಷ್ಟೋ ಬಲದ್ದೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಎರಡಕ್ಕೂ ಬಾವಾ?" ಎಂದ ಗಂಡ ಗಾಬರಿಯಿಂದ.

"ಅಪ್ಪ, ಬಲಗೈಗೆ ಯಾಕಪ್ಪ ಬಾವು ಬರುತ್ತೆ? ಎರಡು ಕೈಗೂ ಚೀಲ ಎತ್ತಿಸಿದ್ವಲ್ಲ!"

ಎಲ್ಲರೂ ಆಸ್ಪತ್ರೆಗೆ ಹೊರಟರು. ಗಂಡ ಸಲೂನು ತೆಗೆಯಲಿಲ್ಲ, ಮಗಳು ಸ್ಕೂಲಿಗೆ ಹೋಗಲಿಲ್ಲ. ಮೇಡಂ ಡ್ರೈವರಮ್ಮನ ತೋಳನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದಳು, ಮುಷ್ಟಿ ಬಿಗಿಸಲು ಹೇಳಿದಳು. "ಬಾವಿಲ್ಲ. ಇದು ನೀವೇ ಬೆಳೆಸಿದ ರಟ್ಟೆ," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಎರಡೂ ಅಳೀಬೇಕು ಅಂತ ಆವತ್ತು ಹೇಳೋಕೆ ಹೋದೆ..." ಎಂದಳು.

"ಟೇಪು ಈಗಲೂ ಸಡಿಲಾನೇ ಹಿಡೀತೀಯ," ಎಂದಳು ಅತ್ತೆ. ಆದರೆ ಹಾಗೆನ್ನುತ್ತಲೇ ಆ ಹುಡುಗಿಯ ಕೈ ಹಿಡಿದುಕೊಂಡಳು.

ಮನೆಗೆ ಬಂದ ಮೇಲೆ ಮೆಷಿನ್ನು ಸಂಜೆಯವರೆಗೆ ಓಡಿತು. ಸಿಗದೇ ಇದ್ದ ಬಣ್ಣದ ದಾರ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು. ಯೂನಿಫಾರಂ ಅಂಗಿಯ ಸೊಂಟ ಕಿರಿದಾಯಿತು, ತೋಳನ್ನು ಅತ್ತೆ ಮುಟ್ಟಲಿಲ್ಲ. ಎಡ ಎದೆಯ ಒಳಗಡೆ ಒಂದು ಮೆತ್ತನೆಯ ಜೇಬು ಹೊಲಿದು, ಅದರೊಳಗೆ ದುಂಡಗಿನ ಮೆತ್ತೆ ಇಟ್ಟಿದ್ದಳು. ಡ್ರೈವರಮ್ಮ ಅದನ್ನು ಅಮುಕಿ ನೋಡಿದಳು.

"ಅತ್ತೆ, ಇದರಲ್ಲಿ ಹೊಟ್ಟಲ್ಲ ತಾನೇ?"

"ಹತ್ತಿ ಕಣೇ, ಹತ್ತಿ! ಬೇಕಾದ್ರೆ ಕತ್ತರಿ ತಗೊಂಡು ಸೀಳು!"

ಮೊದಲು ನಕ್ಕವಳು ಲಾಯರಮ್ಮ. ಗಂಡ ನಗಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಪರೀಕ್ಷೆಯ ದಿನ ಮನೆಯವರು ಯಾರೂ ಡಿಪೋಗೆ ಬರಕೂಡದು ಎಂದು ಡ್ರೈವರಮ್ಮ ಕಟ್ಟಪ್ಪಣೆ ಮಾಡಿದ್ದಳು. ಹಳೇ ಬಸ್ಸು ಅದೇ ಜಾಗದಲ್ಲಿ ನಿಂತಿತ್ತು. ಯಾರೋ ಡ್ರಮ್ಮನ್ನು ಎತ್ತಿ ಮತ್ತೆ ಅದೇ ಕಂಬದ ಪಕ್ಕ ಇಟ್ಟಿದ್ದರು. ಮೊದಲ ತಿರುವು, ಎರಡನೆಯದು. ಎಡಗೈ ಎಳೆಯಿತು. ಸ್ಟೀರಿಂಗು ಗೊಣಗಿಕೊಂಡು, ಮೊಂಡು ಹಿಡಿದು, ಕೊನೆಗೆ ತಿರುಗಿತು. ಕಾಲಿಗೆ ಇನ್ನೂ ಸ್ವಲ್ಪ ಜೋಮಿತ್ತು, ಆದರೆ ಬ್ರೇಕು ಎಲ್ಲಿದೆಯೆಂದು ಈಗ ಅದಕ್ಕೆ ಗೊತ್ತಾಗುತ್ತಿತ್ತು. ಬಸ್ಸು ಕಂಬಗಳ ನಡುವೆ ನೆಟ್ಟಗೆ ನಿಂತಿತು. "ಸದ್ಯಕ್ಕೆ ಅರ್ಧ ಪಾಳಿ, ಹತ್ತಿರದ ದಾರಿ. ಸೋಮವಾರದಿಂದ ಬನ್ನಿ," ಎಂದ ಪರೀಕ್ಷೆ ಮಾಡುವವನು. ಯಾರೋ ಡ್ರಮ್ಮು ಬಡಿದರು.

ಮೂರು ಮಹಡಿ ಹತ್ತಿ ಬಂದು ಅವಳು ಬಾಗಿಲಿಗೆ ಒರಗಿದಳು. ಒಂದೇ ಒಂದು ತಿರುವಿನಲ್ಲಿ ನಿಂತಿದ್ದಳು. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಗಂಡನೂ ಮಗಳೂ ಒಳಗಿನಿಂದ ಓಡಿಬಂದರು. ಏನಾಯಿತೆಂದು ಕೇಳಲು ಇಬ್ಬರಿಗೂ ಧೈರ್ಯವಿಲ್ಲ. ಅತ್ತೆ ಮೆಷಿನ್ನಿನ ಮುಂದಿನಿಂದ ಎದ್ದಳು. ಅವಳೂ ಕೇಳಲಿಲ್ಲ. ಕತ್ತಿನಿಂದ ಟೇಪು ತೆಗೆದು ಬಿಡಿಸಿಕೊಂಡು ಹತ್ತಿರ ಬಂದಳು.

"ಕೈ ಕೊಡೇ."

"ಯಾವುದು, ಅತ್ತೆ?"

"ಎರಡೂ."